ಕಬ್ಬಿನ ಹಾಲಿನ ಲೋಳೆ, ಅಪ್ಪನ ಕಫ

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮಾತಿನ ಭರದಲ್ಲಿ ತಪ್ಪಿದ ಒಂದೆರಡು ಇಸವಿಗಳನ್ನು ಸರಿ ಮಾಡಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯಾ? ಸರಿ.

ಎದೆಯ ಸೋಂಕಿಗೆ ಔಷಧವಾಗಬಲ್ಲ ವಸ್ತು ತಯಾರಿಸುವ ಬ್ಯಾಕ್ಟೀರಿಯಾ ಬಗ್ಗೆ ಮಾತಾಡಲು ಕರೆದಿದ್ದಾರೆ. ನಾನು ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಪಾಠ ಮಾಡಿದವಳು. ಆದರೆ ಮಂಡ್ಯಕ್ಕೆ ಬಂದು ಕಬ್ಬು ಬಿಟ್ಟು ಬೇರೆ ಏನರಿಂದಲಾದರೂ ಶುರು ಮಾಡಿದರೆ ನಮ್ಮೂರಿನವರೇ ಬೈತಾರೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಕಬ್ಬು ಕಡಿದು, ಲಾರಿ ಸಿಗದೆ ನಾಲ್ಕು ದಿನ ಗದ್ದೆಯಲ್ಲೇ ಬಿದ್ದಿದ್ದರೆ ಏನಾಗುತ್ತೆ?

("ತೂಕ ಹೋಯ್ತದೆ" ಎಂದರು ಒಬ್ಬರು. "ಹುಳಿ ವಾಸ್ನೆ" ಎಂದರು ಇನ್ನೊಬ್ಬರು. ಹಿಂದೆ ಆಲೆಮನೆ ನಡೆಸಿದ್ದ ಹಿರಿಯರೊಬ್ಬರು ಎದ್ದು ನಿಂತೇ ಹೇಳಿದರು: "ಹಾಲು ಲೋಳೆ ಲೋಳೆ ಆಯ್ತದೆ ಕಣವ್ವ. ಬೆಲ್ಲ ಗಟ್ಟಿ ಆಗಕಿಲ್ಲ.")

ಆ ಲೋಳೆಯೇ ನನಗೆ ಬೇಕಾಗಿದ್ದದ್ದು. ಕಡಿದ ಕಬ್ಬಿನ ತುದಿಯಿಂದ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳುತ್ತದೆ. ಸಕ್ಕರೆ ತಿನ್ನುತ್ತದೆ. ತಿಂದು ಸುಮ್ನೆ ಇರುವುದಿಲ್ಲ, ಸಕ್ಕರೆಯ ಒಂದು ಪಾಲನ್ನು ಉದ್ದದ ಅಂಟು ಎಳೆಯಾಗಿ ಹೆಣೆಯುತ್ತದೆ. ಆ ಅಂಟಿನ ಹೆಸರು ಡೆಕ್ಸ್‌ಟ್ರಾನ್. ಸಕ್ಕರೆ ಕಾರ್ಖಾನೆಯವರಿಗೆ ಅದು ದೊಡ್ಡ ಕಾಟ. ರಸ ಮಂದವಾಗುತ್ತದೆ, ಸೋಸುವುದು ಕಷ್ಟ, ಹರಳು ಸರಿಯಾಗಿ ಕಟ್ಟುವುದಿಲ್ಲ. ಆದರೆ ಇದೇ ಲ್ಯೂಕೊನೊಸ್ಟಾಕ್ ನಿಮ್ಮ ಮನೆಯಲ್ಲಿ ರಾತ್ರಿ ಇಡ್ಲಿ ಹಿಟ್ಟು ಉಬ್ಬಿಸುತ್ತದೆ. ಅದೇ ಡೆಕ್ಸ್‌ಟ್ರಾನನ್ನು ಶುದ್ಧ ಮಾಡಿ, ರಕ್ತ ಜಾಸ್ತಿ ಹೋದವರ ನರಕ್ಕೆ ಡ್ರಿಪ್ ಹಾಕುವುದಕ್ಕೂ ಬಳಸಿದ್ದಾರೆ. ಹೀಗಾಗಿ ಬ್ಯಾಕ್ಟೀರಿಯಾ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ, ಎಲ್ಲಿರುವಾಗ ಅಂತ ನಾನು ತಿರುಗಿ ಕೇಳುತ್ತೇನೆ.

ಈಗ ಕಬ್ಬಿನಿಂದ ಎದೆಗೆ ಬರೋಣ. ನಮ್ಮಪ್ಪನ ಎದೆಗೆ.

ಅಪ್ಪನಿಗೆ ಇಪ್ಪತ್ತೆರಡು ವರ್ಷವಿದ್ದಾಗ ಕ್ಷಯ ಬಂತು. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ಅದು. ಅರಮನೆಯವರನ್ನೂ ಬಿಡದ ಕಾಯಿಲೆ ನಮ್ಮ ಹಳ್ಳಿಯ ಹುಡುಗನನ್ನು ಬಿಟ್ಟುಹೋಯಿತು. ಕಾರಣ, ಮಧ್ಯೆ ಔಷಧ ಬಂದಿತ್ತು. ದಿನಾ ಸೊಂಟಕ್ಕೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. "ಕೂರಕ್ಕೆ ಆಯ್ತಿರಲಿಲ್ಲ" ಅಂತ ಅಪ್ಪ ಕೊನೆಯವರೆಗೂ ಹೇಳೋರು.

ಈ ಸ್ಟ್ರೆಪ್ಟೊಮೈಸಿನ್ ಎಲ್ಲಿಂದ ಬಂತು ಗೊತ್ತಾ? ಮಣ್ಣಿನಿಂದ. 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಅನ್ನುವ ವಿದ್ಯಾರ್ಥಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ಕಂಡ. ಒಂದು ತಳಿ ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನದು. ಇನ್ನೊಂದು ಕೋಳಿಯ ಗಂಟಲಿನದು! 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ದುಡಿದ ಹುಡುಗನಿಗೆ ಇಲ್ಲ. ಅದು ಬೇರೆ ಜಗಳ, ಇವತ್ತು ಬೇಡ.

ನಾನು ಹೇಳಲು ಹೊರಟಿದ್ದು ಇದು. ಆಂಟಿಬಯೋಟಿಕ್ ಅನ್ನುವ ಮಾತಿಗೆ ವಾಕ್ಸ್‌ಮನ್ ಕೊಟ್ಟ ಅರ್ಥವೇ, ಒಂದು ಸೂಕ್ಷ್ಮಜೀವಿ ಇನ್ನೊಂದನ್ನು ತಡೆಯಲು ತಯಾರಿಸುವ ವಸ್ತು ಅಂತ. ಈಗ ಪತ್ರಿಕೆಯಲ್ಲಿ "ಆಂಟಿಬಯೋಟಿಕ್‌ಗೆ ಬದಲಾಗಿ ಒಳ್ಳೆಯ ಬ್ಯಾಕ್ಟೀರಿಯಾದ ವಸ್ತು" ಅಂತ ಬರುತ್ತಲ್ಲ, ಅದನ್ನು ಓದಿದಾಗ ನನಗೆ ನಗು ಬರುತ್ತದೆ. ಹಳೆಯದೂ ಅದೇ ಅಂಗಡಿಯ ಸರಕು. ವ್ಯತ್ಯಾಸ ಬೇರೆ ಕಡೆ ಇದೆ. ಹೇಳುತ್ತೇನೆ, ಸ್ವಲ್ಪ ತಾಳಿ.

ಅಪ್ಪನಿಗೆ ಕ್ಷಯ ವಾಸಿಯಾಯಿತು, ಆದರೆ ಕಲೆ ಉಳಿಯಿತು. ಗಾಳಿ ಹೋಗುವ ಕೊಳವೆಗಳು ಒಂದು ಭಾಗದಲ್ಲಿ ಹಿಗ್ಗಿ ಜೋತುಬಿದ್ದಿದ್ದವು. ಅಂಥ ಕಡೆ ಕಫ ನಿಲ್ಲುತ್ತದೆ, ಕಾಲುವೆಯ ತಗ್ಗಿನಲ್ಲಿ ನೀರು ನಿಂತ ಹಾಗೆ. ನಿಂತ ಕಡೆ ಪಾಚಿ ಕಟ್ಟದೆ ಇರುತ್ತಾ? ಅರವತ್ತು ದಾಟಿದ ಮೇಲೆ ಪ್ರತಿ ಚಳಿಗಾಲ ಹಸಿರು ಕಫ, ಜ್ವರ, ಒಂದು ಕೋರ್ಸ್ ಮಾತ್ರೆ. ಒಂದು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಕಫ ಪರೀಕ್ಷೆಗೆ ಕಳಿಸದೆಯೇ ಮೂರು ಸಲ ಮೂರು ಬೇರೆ ಬೇರೆ ಆಂಟಿಬಯೋಟಿಕ್ ಕೊಟ್ಟರು. ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡುವ ಮಗಳು ಪಕ್ಕದಲ್ಲೇ ಕೂತಿದ್ದೆ. ನಾನೂ ಕೇಳಲಿಲ್ಲ. ಡಾಕ್ಟರಿಗೆ ಹೇಗೆ ಕೇಳುವುದು ಅಂತ ಸುಮ್ಮನಿದ್ದೆ. ಆ ಬೇಜಾರು ಇನ್ನೂ ಹೋಗಿಲ್ಲ.

ನಾಲ್ಕನೇ ಸಲ ಬೇರೆ ಕಡೆ ಕಫ ಬೆಳೆಸಿ ನೋಡಿದರು. ಸೂಡೊಮೊನಾಸ್ ಏರುಗಿನೋಸಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ತನ್ನದೇ ಹಸಿರು ಬಣ್ಣವಿದೆ, ತಟ್ಟೆಯಲ್ಲಿ ಬೆಳೆದರೆ ತಟ್ಟೆಯೇ ಹಸಿರಾಗುತ್ತದೆ. ಅದು ಶ್ವಾಸನಾಳದಲ್ಲಿ ಮನೆ ಮಾಡಿದರೆ ಅಲ್ಜಿನೇಟ್ ಅನ್ನುವ ಲೋಳೆಯನ್ನು ಹೊದ್ದುಕೊಳ್ಳುತ್ತದೆ. ಕಬ್ಬಿನ ಹಾಲಿನ ಡೆಕ್ಸ್‌ಟ್ರಾನ್ ಹೇಗೆ ಸಕ್ಕರೆಯ ಎಳೆಯೋ, ಇದೂ ಸಕ್ಕರೆಯಂಥ ವಸ್ತುವಿನ ಎಳೆಯೇ. ಆ ಹೊದಿಕೆಯೊಳಗೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಇಳಿದರೂ ಒಳಗಿನವು ಮಂಪರಿನಲ್ಲಿ, ಬೆಳೆಯದೆ ಕೂತಿರುತ್ತವೆ. ಬಹಳ ಆಂಟಿಬಯೋಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನೇ ಹೊಡೆಯುವುದು. ಮಲಗಿದ್ದನ್ನು ಹೊಡೆಯಲು ಬರುವುದಿಲ್ಲ.

ರಿಪೋರ್ಟಿನಲ್ಲಿ ಕೆಲಸ ಮಾಡುವ ಔಷಧ ಎರಡೇ ಉಳಿದಿದ್ದವು. ಒಂದು ಕೊಲಿಸ್ಟಿನ್. ಅದೂ ಮಣ್ಣಿನ ಬ್ಯಾಕ್ಟೀರಿಯಾದ್ದೇ. 1940ರ ದಶಕದಲ್ಲಿ ಸಿಕ್ಕಿ, ಕಿಡ್ನಿಗೆ ಏಟು ಅಂತ ಮೂಲೆಗೆ ಹೋಗಿದ್ದದ್ದು. ಬೇರೆ ಔಷಧಗಳು ಸೋತ ಮೇಲೆ ಮತ್ತೆ ಎಳೆದು ತಂದರು. ಇತ್ತ ಆಸ್ಪತ್ರೆಯಲ್ಲಿ ಕೊನೆಯ ಆಸರೆ ಅಂತ ಎತ್ತಿಟ್ಟುಕೊಂಡಿದ್ದರೆ, ಅತ್ತ ಕೋಳಿ ಫಾರಂಗಳಲ್ಲಿ ಕೋಳಿ ದಪ್ಪ ಆಗಲಿ ಅಂತ ಮೇವಿಗೆ ಹಾಕುತ್ತಿದ್ದರು. ನಮ್ಮ ದೇಶದಲ್ಲಿ ಅದನ್ನು ನಿಲ್ಲಿಸಿದ್ದು 2019ರಲ್ಲಿ. ಅಪ್ಪನಿಗೆ ನೆಬ್ಯುಲೈಸರ್‌ನಲ್ಲಿ ಹೊಗೆಯ ಹಾಗೆ ಕೊಟ್ಟರು. ಚೇತರಿಸಿಕೊಂಡರು. ಆಮೇಲೂ ಕೆಲವು ವರ್ಷ ಬದುಕಿದ್ದರು.

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. 2019ರ ಒಂದು ದೊಡ್ಡ ಲೆಕ್ಕ ಇದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಆದ ಸಾವು ಜಗತ್ತಿನಲ್ಲಿ 12 ಲಕ್ಷ 70 ಸಾವಿರ. ಅದರ ಕೈವಾಡ ಒಂದಿಷ್ಟಾದರೂ ಇದ್ದ ಸಾವು 49 ಲಕ್ಷ 50 ಸಾವಿರ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ಶ್ವಾಸಕೋಶದ ಸೋಂಕಿನವು. ಬೇರೆ ಯಾವ ಸೋಂಕೂ ಇಷ್ಟು ದೊಡ್ಡ ಪಾಲು ತೆಗೆದುಕೊಂಡಿಲ್ಲ.

ಸರಿ, ಬದಲಿ ಏನು? 1928ಕ್ಕೆ ಹೋಗೋಣ. ಫ್ಲೆಮಿಂಗ್ ಪೆನಿಸಿಲಿನ್ ಕಂಡ ವರ್ಷ ಅಂತ ಶಾಲೆ ಮಕ್ಕಳಿಗೂ ಗೊತ್ತು. ಅದೇ ವರ್ಷ ಅಮೆರಿಕದಲ್ಲಿ ಹಾಲಿನ ಮೇಲೆ ಕೆಲಸ ಮಾಡುತ್ತಿದ್ದವರು ಇನ್ನೊಂದು ಕಂಡಿದ್ದರು. ಹಾಲು ಹುಳಿ ಮಾಡುವ ಒಂದು ಬ್ಯಾಕ್ಟೀರಿಯಾ, ಹಾಲು ಹುಳಿ ಮಾಡುವ ಇನ್ನೊಂದನ್ನು ತಡೆಯುತ್ತಿತ್ತು. ಅದು ಯಾರಿಗೂ ದೊಡ್ಡ ಸುದ್ದಿ ಅನ್ನಿಸಲಿಲ್ಲ. 1933ರಲ್ಲಿ ನ್ಯೂಜಿಲೆಂಡಿನಲ್ಲಿ ಚೀಸ್ ಮಾಡುವವರ ಹೆಪ್ಪು ಕೆಲವು ಹಾಲಿಗೆ ಹಿಡಿಯುತ್ತಲೇ ಇರಲಿಲ್ಲ. ಹುಡುಕಿದರೆ ಅಲ್ಲೂ ಇಂಥದ್ದೇ ವಸ್ತು. ಹೆಪ್ಪು ಯಾಕೆ ಕೆಡುತ್ತದೆ ಅನ್ನುವ ಅಡುಗೆಮನೆ ತಕರಾರಿನಿಂದ ಹುಟ್ಟಿದ ವಿಜ್ಞಾನ ಇದು. 1947ರಲ್ಲಿ ಇದಕ್ಕೆ ನಿಸಿನ್ ಅಂತ ಹೆಸರಿಟ್ಟರು. 1969ರಲ್ಲಿ ಆಹಾರದಲ್ಲಿ ಹಾಕಬಹುದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಒಪ್ಪಿದರು. ಅಂಗಡಿಯ ಚೀಸ್ ಪೊಟ್ಟಣದ ಮೇಲೆ 234 ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ ಅದೇ ಇದು. ಎಷ್ಟೋ ಜನ ಈಗಾಗಲೇ ತಿಂದಿದ್ದೀರಿ.

ನಿಸಿನ್ 34 ಅಮೈನೊ ಆಮ್ಲಗಳ ಪುಟ್ಟ ಸರ. ಇಂಥವಕ್ಕೆ ಬ್ಯಾಕ್ಟೀರಿಯೋಸಿನ್ ಅನ್ನುತ್ತಾರೆ. ಬ್ಯಾಕ್ಟೀರಿಯಾ ತನ್ನ ಹತ್ತಿರದ ನೆಂಟರ ಮೇಲೆ ಬಿಡುವ ಆಯುಧ ಅಂದುಕೊಳ್ಳಿ. ದೂರದವರ ಜೊತೆ ಅದಕ್ಕೇನು ಜಗಳ? ಒಂದೇ ಅನ್ನ ತಿನ್ನುವ ದಾಯಾದಿಗಳ ಜೊತೆ ತಾನೆ! ಬದುವಿನ ಜಗಳ ನಿಮಗೆ ಗೊತ್ತಿಲ್ಲದ್ದೇನಲ್ಲ.

(ಇಲ್ಲಿ ಸಭೆ ಜೋರಾಗಿ ನಕ್ಕಿತು. ಯಾರದೋ ಹೆಸರು ಹಿಡಿದು ಕೂಗಿದರು. ಅದನ್ನು ಬಿಟ್ಟಿದ್ದೇನೆ.)

ಕೊಲ್ಲುವುದು ಹೇಗೆ? ಬ್ಯಾಕ್ಟೀರಿಯಾಕ್ಕೆ ಸುತ್ತ ಗೋಡೆ ಇದೆ, ಅದನ್ನು ದಿನವೂ ಕಟ್ಟುತ್ತಲೇ ಇರಬೇಕು. ಒಳಗಿನಿಂದ ಇಟ್ಟಿಗೆ ಹೊತ್ತು ತರುವ ಒಂದು ಕೂಲಿ ಇದೆ. ಪೆನಿಸಿಲಿನ್ ಗಾರೆ ಕೆಲಸದವನ ಕೈ ಕಟ್ಟುತ್ತದೆ. ನಿಸಿನ್ ಇಟ್ಟಿಗೆ ಹೊತ್ತ ಕೂಲಿಯನ್ನೇ ಹಿಡಿಯುತ್ತದೆ. ಹಿಡಿದು, ಅವನನ್ನೇ ಆಸರೆ ಮಾಡಿಕೊಂಡು ಪೊರೆಗೆ ತೂತು ಕೊರೆಯುತ್ತದೆ. ಗೋಡೆ ಕೆಲಸವೂ ನಿಂತಿತು, ಒಳಗಿದ್ದದ್ದೂ ಸೋರಿತು. ಎರಡು ಏಟು ಒಟ್ಟಿಗೆ ಬೀಳುವುದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಸಾಧ್ಯವೇ ಇಲ್ಲ ಅಂತ ಹೇಳುತ್ತಿಲ್ಲ, ಬ್ಯಾಕ್ಟೀರಿಯಾಕ್ಕೆ ಅಸಾಧ್ಯ ಅನ್ನುವುದು ಕಡಿಮೆ.

ಹಾಗಾದರೆ ಅಪ್ಪನಿಗೆ ನಿಸಿನ್ ಕೊಡಬಹುದಿತ್ತಲ್ಲ? ಆಗುತ್ತಿರಲಿಲ್ಲ. ಸೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ನಮ್ಮ ಆಸ್ಪತ್ರೆಗಳ ಐಸಿಯುಗಳಲ್ಲಿ ಶ್ವಾಸಕೋಶ ಹಾಳು ಮಾಡುತ್ತಿರುವ ಈ ಮೂರಕ್ಕೂ ಗೋಡೆಯ ಹೊರಗೆ ಇನ್ನೊಂದು ಪೊರೆ ಇದೆ. ಡಬಲ್ ಕಾಂಪೌಂಡ್. ನಿಸಿನ್ ಹೊರಗಿನ ಗೇಟಿನಲ್ಲೇ ನಿಂತುಬಿಡುತ್ತದೆ.

ಅಲ್ಲಿಗೆ ಒಳಗಿನ ದಾಯಾದಿಯೇ ಬೇಕು. ಸೂಡೊಮೊನಾಸ್ ತನ್ನದೇ ಕುಲದ ಬೇರೆ ತಳಿಗಳನ್ನು ಕೊಲ್ಲಲು ಪಯೋಸಿನ್ ಅನ್ನುವ ಪ್ರೋಟೀನ್ ಮಾಡುತ್ತದೆ. 1954ರಿಂದ ಗೊತ್ತಿರುವ ವಿಷಯ. ಒಂದು ಬಗೆಯ ಪಯೋಸಿನ್ ಸೂಜಿಯ ಹಾಗೆ ಚುಚ್ಚುತ್ತದೆ. ಇನ್ನೊಂದು ಬಗೆ ಕಳ್ಳ. ಸೂಡೊಮೊನಾಸ್‌ಗೆ ಕಬ್ಬಿಣದ ಅಂಶ ಬೇಕೇ ಬೇಕು, ಅದನ್ನು ಒಳಗೆ ತರಲು ಹೊರಪೊರೆಯಲ್ಲಿ ಬೇರೆಯೇ ಬಾಗಿಲು ಇಟ್ಟುಕೊಂಡಿದೆ. ಈ ಪಯೋಸಿನ್ ಆ ಬಾಗಿಲಿನಲ್ಲೇ ನುಗ್ಗುತ್ತದೆ. ಗ್ಲಾಸ್ಗೋದಲ್ಲಿ ಇಲಿಗಳ ಶ್ವಾಸಕೋಶಕ್ಕೆ ಸೂಡೊಮೊನಾಸ್ ಹತ್ತಿಸಿ, ಮೂಗಿನ ಮೂಲಕ ಪಯೋಸಿನ್ ಕೊಟ್ಟು ನೋಡಿದ್ದಾರೆ. ಇಲಿಗಳು ಬದುಕಿಕೊಂಡವು. ಮನುಷ್ಯರಿಗೆ? ಇವತ್ತಿಗೆ ಶ್ವಾಸಕೋಶದ ಸೋಂಕಿಗೆ ಅಂತ ಔಷಧದ ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯೋಸಿನ್ ಒಂದೂ ಇಲ್ಲ. ಯಾರಾದರೂ ಮೊಬೈಲಿನಲ್ಲಿ ಇದೆ ಅಂತ ಮಾರಲು ಬಂದರೆ ಕಳಿಸಿಬಿಡಿ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ಮೂಗಿನದು. ಮೂಗು ಎದೆಯ ಹೆಬ್ಬಾಗಿಲು. ನಿದ್ದೆಯಲ್ಲಿ ಮೂಗು ಗಂಟಲಿನ ದ್ರವ ಹನಿ ಹನಿಯಾಗಿ ಎಲ್ಲರಿಗೂ ಕೆಳಗಿಳಿಯುತ್ತದೆ. ಹಾಗಾಗಿ ಮೂಗಿನಲ್ಲಿ ಯಾರು ಕೂತಿದ್ದಾರೆ ಅನ್ನುವುದು ಎದೆಗೂ ಸಂಬಂಧಪಟ್ಟದ್ದು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಇರುತ್ತದೆ. ತೆಪ್ಪಗಿದ್ದರೆ ಇದ್ದ ಹಾಗೆ. ಕೆಳಗಿಳಿದರೆ ಕೆಟ್ಟ ನ್ಯುಮೋನಿಯಾ ಮಾಡಬಲ್ಲದು. ಉಳಿದ ಇಬ್ಬರ ಮೂಗಿನಲ್ಲಿ ಯಾಕಿಲ್ಲ?

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಇದನ್ನೇ ಹುಡುಕಿದರು. 2016ರಲ್ಲಿ ಉತ್ತರದ ಒಂದು ತುಂಡು ಸಿಕ್ಕಿತು. ಕೆಲವರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಲುಗ್ಡುನೆನ್ಸಿಸ್ ಅನ್ನುವ ದಾಯಾದಿ ಇದೆ. ಅದು ಲುಗ್ಡುನಿನ್ ಅನ್ನುವ ವಸ್ತು ಮಾಡುತ್ತದೆ. ಹಲವು ಆಂಟಿಬಯೋಟಿಕ್‌ಗಳಿಗೆ ಜಗ್ಗದ ಆರಿಯಸ್ಸನ್ನೂ ಅದು ಕೊಲ್ಲುತ್ತದೆ. ಆಸ್ಪತ್ರೆಯ 187 ರೋಗಿಗಳ ಮೂಗು ನೋಡಿದರು. ಲುಗ್ಡುನೆನ್ಸಿಸ್ ಇದ್ದವರು 17 ಜನ, ಅವರಲ್ಲಿ ಒಬ್ಬರಿಗೆ ಮಾತ್ರ ಆರಿಯಸ್ ಇತ್ತು. ಇಲ್ಲದವರಲ್ಲಿ ನೂರಕ್ಕೆ 34.7 ಜನರಿಗಿತ್ತು. ಜಗತ್ತೆಲ್ಲ ಮಣ್ಣು ಸಮುದ್ರ ಸೋಸುತ್ತಿರುವಾಗ ಔಷಧ ಮೂಗಿನ ತುದಿಯಲ್ಲೇ ಕೂತಿತ್ತು.

ಹಾಗಂತ ಆ ಬ್ಯಾಕ್ಟೀರಿಯಾವನ್ನೇ ಎಲ್ಲರ ಮೂಗಿಗೆ ಸವರಬಹುದಾ? ಬೇಡ. ಲುಗ್ಡುನೆನ್ಸಿಸ್ ರಕ್ತಕ್ಕೆ ಸೇರಿದರೆ ಹೃದಯದ ಕವಾಟ ಹಾಳು ಮಾಡುತ್ತದೆ. ಜೀವಿಯನ್ನು ಕೊಡುವುದಕ್ಕಿಂತ ಜೀವಿ ಮಾಡಿದ ವಸ್ತುವನ್ನು ಕೊಡುವುದು ಯಾಕೆ ವಾಸಿ ಅಂತ ಕೇಳುವವರಿಗೆ ಇದೊಂದೇ ಉದಾಹರಣೆ ಸಾಕು.

ಜೀವಿಯನ್ನೇ ಕೊಟ್ಟ ಎರಡು ಪ್ರಯೋಗ ಹೇಳುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ನಮ್ಮ ಒಡಿಶಾದ ಹಳ್ಳಿಗಳದ್ದು, 2017ರಲ್ಲಿ ಪ್ರಕಟವಾಯಿತು. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಮಕ್ಕಳನ್ನು ತೆಗೆದುಕೊಂಡಿತು. ಎಲ್ಲವೂ ತಾಯಿಹಾಲು ಕುಡಿಯುತ್ತಿದ್ದ, ಎರಡು ಕಿಲೋ ದಾಟಿದ ಆರೋಗ್ಯವಂತ ಮಕ್ಕಳು. ಒಂದು ಗುಂಪಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್, ಜೊತೆಗೆ ಅದಕ್ಕೆ ತಿನ್ನಲು ಒಂದಿಷ್ಟು ವಿಶೇಷ ಸಕ್ಕರೆ. ಇನ್ನೊಂದು ಗುಂಪಿಗೆ ಅದರಂತೆ ಕಾಣುವ ಬರಿ ಪುಡಿ. ಎರಡು ತಿಂಗಳು ನೋಡಿದರು. ರಕ್ತದ ಸೋಂಕು ಅಥವಾ ಸಾವು, ಬರಿ ಪುಡಿಯ ಗುಂಪಿನಲ್ಲಿ ನೂರಕ್ಕೆ 9, ಬ್ಯಾಕ್ಟೀರಿಯಾ ಕೊಟ್ಟ ಗುಂಪಿನಲ್ಲಿ 5.4. ಕೊಟ್ಟಿದ್ದು ಹೊಟ್ಟೆಗೆ, ಆದರೆ ಶ್ವಾಸಕೋಶದ ಸೋಂಕೂ ಕಡಿಮೆಯಾಗಿತ್ತು! ಹೊಟ್ಟೆಯ ಬ್ಯಾಕ್ಟೀರಿಯಾ ಮಾಡುವ ವಸ್ತುಗಳು ರಕ್ತದಲ್ಲಿ ಸುತ್ತುತ್ತವೆ. ನಾರು ತಿಂದು ಅವು ಬಿಡುವ ಸಣ್ಣ ಆಮ್ಲಗಳು ಇಲಿಗಳಲ್ಲಿ ಶ್ವಾಸಕೋಶದ ರೋಗನಿರೋಧಕ ಕಣಗಳ ನಡವಳಿಕೆಯನ್ನೇ ಬದಲಿಸಿದ್ದನ್ನು ಕಂಡಿದ್ದಾರೆ.

ಎರಡನೆಯದು 2021ರದು. ಕೆನಡಾ, ಅಮೆರಿಕ, ಸೌದಿಯ ಐಸಿಯುಗಳಲ್ಲಿ ವೆಂಟಿಲೇಟರ್ ಮೇಲಿದ್ದ 2,650 ದೊಡ್ಡವರಿಗೆ ಲ್ಯಾಕ್ಟೊಬ್ಯಾಸಿಲಸ್‌ನದೇ ಇನ್ನೊಂದು ತಳಿ ಕೊಟ್ಟು ನೋಡಿದರು. ವೆಂಟಿಲೇಟರ್‌ನಿಂದ ಬರುವ ನ್ಯುಮೋನಿಯಾ ತಡೆಯುತ್ತಾ ಅಂತ. ಕೊಟ್ಟವರಲ್ಲಿ ನೂರಕ್ಕೆ 21.9, ಕೊಡದವರಲ್ಲಿ 21.3. ಏನೂ ಲಾಭವಿಲ್ಲ. ಅದರ ಮೇಲೆ, ಕೊಟ್ಟವರಲ್ಲಿ 15 ಜನರ ರಕ್ತದಲ್ಲೋ, ಬ್ಯಾಕ್ಟೀರಿಯಾ ಇರಬಾರದ ಇನ್ನೆಲ್ಲೋ ಅದೇ ತಳಿ ಬೆಳೆಯಿತು.

ಯಾಕೆ ಹೀಗೆ? ನನ್ನ ಲೆಕ್ಕ ಹೇಳುತ್ತೇನೆ, ಒಪ್ಪದಿದ್ದರೆ ಬಿಡಿ. ಹುಟ್ಟಿದ ಮಗುವಿನ ಹೊಟ್ಟೆ ಹೊಸದಾಗಿ ಹದ ಮಾಡಿದ ಗದ್ದೆ. ಮೊದಲು ಬಿದ್ದ ಬೀಜ ಹಿಡಿಯುತ್ತದೆ. ಐಸಿಯು ರೋಗಿಯ ಹೊಟ್ಟೆಗೆ ಆಗಲೇ ನಾಲ್ಕು ತರದ ಆಂಟಿಬಯೋಟಿಕ್ ಹೊಡೆದಿರುತ್ತಾರೆ, ಕರುಳಿನ ಬೇಲಿಯೂ ಸಡಿಲ. ಅಲ್ಲಿ ಬೀಜ ಚೆಲ್ಲಿದರೆ ಬೆಳೆ ಬರುವುದಿಲ್ಲ, ಬದು ದಾಟಿ ಎಲ್ಲೆಲ್ಲೋ ಹುಟ್ಟುತ್ತದೆ.

ಕೊಲ್ಲದೆಯೇ ಕೆಲಸ ಮಾಡುವ ವಸ್ತುಗಳೂ ಇವೆ. ಬ್ಯಾಕ್ಟೀರಿಯಾಗಳು ರಾಸಾಯನಿಕ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಸಾಕಷ್ಟು ಜನ ಸೇರಿದ್ದೇವೆ ಅಂತ ಗೊತ್ತಾದ ಮೇಲೇ ವಿಷ ಬಿಡುವುದು, ಲೋಳೆ ಕಟ್ಟುವುದು. ಆ ಮಾತು ಕೆಡಿಸಿದರೆ? ಇಲ್ಲಿ ನಿಮಗೆ ಗೊತ್ತಿರುವ ಒಬ್ಬ ಬರುತ್ತಾನೆ, ಬ್ಯಾಸಿಲಸ್ ಸಬ್ಟಿಲಿಸ್. ಗಿಡದ ರೋಗಕ್ಕೆ ಅಂತ ಗೊಬ್ಬರದ ಅಂಗಡಿಯಲ್ಲಿ ಪೊಟ್ಟಣದಲ್ಲಿ ಕೊಡ್ತಾರಲ್ಲ, ಅವನೇ. ಥಾಯ್ಲೆಂಡಿನ ಹಳ್ಳಿಗಳ 200 ಜನರನ್ನು ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಬಂತು. ಹೊಟ್ಟೆಯಲ್ಲಿ ಬ್ಯಾಸಿಲಸ್ ಇದ್ದವರಲ್ಲಿ ಒಬ್ಬರಲ್ಲೂ ಆರಿಯಸ್ ಇರಲಿಲ್ಲ, ಹೊಟ್ಟೆಯಲ್ಲೂ ಇಲ್ಲ, ಮೂಗಿನಲ್ಲೂ ಇಲ್ಲ. ಬ್ಯಾಸಿಲಸ್ ಮಾಡುವ ಫೆಂಜೈಸಿನ್ ಅನ್ನುವ ವಸ್ತು ಆರಿಯಸ್ಸಿನ ಮಾತಿಗೆ ಅಡ್ಡ ಬರುತ್ತದೆ. ಹೊಲದ ಪೊಟ್ಟಣವನ್ನು ನೀರಿಗೆ ಬೆರೆಸಿ ಕುಡಿಯಬೇಡಿ ಮತ್ತೆ, ಅದು ಬೇರೆ ತಳಿ, ಬೇರೆ ತಯಾರಿ.

ಲೋಳೆಯ ವಿಷಯಕ್ಕೂ ಇಂಥದ್ದೇ ದಾರಿ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಡೆಕ್ಸ್‌ಟ್ರಾನ್ ಒಡೆಯಲು ಡೆಕ್ಸ್‌ಟ್ರನೇಸ್ ಅನ್ನುವ ಕಿಣ್ವ ಹಾಕುತ್ತಾರೆ. ಅದೇ ತರ, ಕಡಲ ಪಾಚಿ ತಿಂದು ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಅಲ್ಜಿನೇಟ್ ಒಡೆಯುವ ಕಿಣ್ವ ಇದೆ. ಪ್ರಯೋಗಾಲಯದಲ್ಲಿ ಅದು ಸೂಡೊಮೊನಾಸ್‌ನ ಹೊದಿಕೆಯನ್ನು ಸಡಿಲಿಸುತ್ತದೆ. ಹೊದಿಕೆ ತೆಗೆದ ಮೇಲೆ ಹಳೆಯ ಆಂಟಿಬಯೋಟಿಕ್ಕೇ ಕೆಲಸ ಮಾಡಬಹುದಲ್ವಾ? ನನಗೆ ಜಾಸ್ತಿ ನಂಬಿಕೆ ಇರುವುದು ಇಂಥ ಜೋಡಿ ಔಷಧಗಳ ಮೇಲೆ.

ಕಷ್ಟಗಳೂ ಕಮ್ಮಿ ಇಲ್ಲ. ಬ್ಯಾಕ್ಟೀರಿಯೋಸಿನ್ ಅಂದರೆ ಪ್ರೋಟೀನಿನ ತುಣುಕು. ನುಂಗಿದರೆ ಹೊಟ್ಟೆ ಅದನ್ನು ಬೇಳೆ ಅರಗಿಸಿದ ಹಾಗೆ ಅರಗಿಸಿಬಿಡುತ್ತದೆ. ನಿಸಿನ್ ಚೀಸಿನಲ್ಲಿದ್ದರೂ ನಮಗೇನೂ ಆಗದೆ ಇರಲು ಅದೂ ಒಂದು ಕಾರಣ. ಹಾಗಾಗಿ ಮಂಜಿನ ಹಾಗೆ ಉಸಿರಲ್ಲಿ ಎಳೆದುಕೊಳ್ಳಬೇಕು. ಎದೆಯೊಳಗೂ ಕಫ ಅಡ್ಡ. ಸೋಂಕು ಇರುವ ಕಡೆ ನಮ್ಮದೇ ಬಿಳಿ ರಕ್ತಕಣಗಳು ಬಿಟ್ಟ ಕಿಣ್ವಗಳು ಇದನ್ನೂ ಕತ್ತರಿಸುತ್ತವೆ.

ಆದರೆ ನನ್ನನ್ನು ಕಾಡುವ ಕಷ್ಟ ಔಷಧದ್ದಲ್ಲ. ಆಗಲೇ ತಾಳಿ ಅಂದೆನಲ್ಲ, ಆ ವ್ಯತ್ಯಾಸಕ್ಕೆ ಬಂದೆ. ಈಗಿನ ಆಂಟಿಬಯೋಟಿಕ್‌ಗಳಲ್ಲಿ ಬಹಳಷ್ಟು ಕಳೆನಾಶಕದ ಹಾಗೆ. ಹೊಡೆದರೆ ಗದ್ದೆಯಲ್ಲಿ ಇರುವುದೆಲ್ಲ ಹೋಗುತ್ತದೆ. ಶತ್ರು ಯಾರು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅದಕ್ಕೇ ಡಾಕ್ಟರುಗಳು ಅಂದಾಜಿನ ಮೇಲೆ ಬರೆಯುವುದು. ಲುಗ್ಡುನಿನ್, ಪಯೋಸಿನ್ ಇವೆಲ್ಲ ಕುಡುಗೋಲು. ಯಾವ ಗಿಡ ಕೊಯ್ಯಬೇಕು ಅಂತ ನೋಡಿಯೇ ಕೈ ಹಾಕಬೇಕು. ಪಯೋಸಿನ್ನಂತೂ ಸೂಡೊಮೊನಾಸ್‌ನ ಎಲ್ಲ ತಳಿಗಳ ಮೇಲೂ ಕೆಲಸ ಮಾಡುವುದಿಲ್ಲ. ಕಫ ಬೆಳೆಸಿ ಹೆಸರು ಹೇಳಲು ಎರಡು ಮೂರು ದಿನ ಬೇಕು. ಬಹಳ ಕಡೆ ಕಳಿಸುವುದೇ ಇಲ್ಲ. ಕತ್ತಲಲ್ಲಿ ಕುಡುಗೋಲು ಕೊಟ್ಟು ಏನು ಮಾಡುವುದು? ನಾಳೆ ಇಂಥ ಔಷಧ ಕೈಗೆ ಬಂದರೂ, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನದೊಳಗೆ ಬ್ಯಾಕ್ಟೀರಿಯಾದ ಹೆಸರು ಹೇಳುವ ಲ್ಯಾಬ್ ಇಲ್ಲದಿದ್ದರೆ ನಮ್ಮ ಅಪ್ಪಂದಿರಿಗೆ ಅದು ಮುಟ್ಟುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

(ಮುಂದಿನ ಸಾಲಿನ ಅಜ್ಜಿಯೊಬ್ಬರು: "ಅಲ್ಲ ಕಣವ್ವ, ಕೆಮ್ಮು ಇದ್ದಾಗ ಮೊಸರು ತಿನ್ನಬ್ಯಾಡ ಅಂತ ನಾವು ಹೇಳ್ತೀವಿ. ನೀನು ನೋಡಿದ್ರೆ ಹೆಪ್ಪಿನ ಹುಳವೇ ಔಷಧಿ ಅಂತೀಯ.")

ಮೊಸರು ತಿಂದರೆ ನ್ಯುಮೋನಿಯಾ ವಾಸಿಯಾಗುವುದಿಲ್ಲ ಅಜ್ಜಿ. ತಿಂದರೆ ಬರುವುದೂ ಇಲ್ಲ. ನಿಮ್ಮ ಮನೆ ಹೆಪ್ಪಿನಲ್ಲಿ ಯಾವ ತಳಿ ಇದೆ, ಅದು ಏನು ತಯಾರಿಸುತ್ತದೆ ಅಂತ ಬೆಳೆಸಿ ನೋಡದೆ ಹೇಳಲು ಆಗುವುದಿಲ್ಲ. ಒಡಿಶಾದಲ್ಲಿ ಕೊಟ್ಟಿದ್ದು ಆರಿಸಿ ತೆಗೆದ ಒಂದೇ ತಳಿ, ಅಳತೆ ಮಾಡಿದ ಪ್ರಮಾಣ. ಮೊಸರನ್ನ ರುಚಿಗೆ ತಿನ್ನಿ.

(ಕಬ್ಬು ಬೆಳೆಗಾರರೊಬ್ಬರು: "ನಮ್ ಗದ್ದೆ ಮಣ್ಣಾಗೂ ಅಂಥ ಔಷಧಿ ಹುಳ ಇರ್ಬೋದಾ ಮೇಡಂ?")

ಖಂಡಿತ ಇರುತ್ತವೆ. ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆಗೆ ದೊಡ್ಡ ಕಾರಣವೇ ಆ ಸ್ಟ್ರೆಪ್ಟೊಮೈಸಿಸ್ ಕುಟುಂಬ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. 2015ರಲ್ಲಿ ಅಮೆರಿಕದ ಒಂದು ತಂಡ ಸಣ್ಣ ಸಣ್ಣ ತೂತಿನ ಒಂದು ಸಾಧನದಲ್ಲಿ ಅವನ್ನು ಕೂಡಿಹಾಕಿ, ಮಣ್ಣಲ್ಲೇ ಹೂತು ಬೆಳೆಸಿ, ಟೀಕ್ಸೊಬ್ಯಾಕ್ಟಿನ್ ಅನ್ನುವ ಹೊಸ ವಸ್ತು ಕಂಡುಕೊಂಡಿತು. ಅದೂ ನಿಸಿನ್ ಹಾಗೆಯೇ ಇಟ್ಟಿಗೆ ಹೊರುವ ಕೂಲಿಯನ್ನು ಹಿಡಿಯುತ್ತದೆ. ನಿಮ್ಮ ಗದ್ದೆಯಲ್ಲಿ ಇದ್ದರೂ ಹುಡುಕಿ ತೆಗೆದು ಔಷಧ ಮಾಡುವುದು ಹತ್ತಿಪ್ಪತ್ತು ವರ್ಷದ ಬೇಸಾಯ.

(ಕೊನೆಗೆ ಒಬ್ಬ ನರ್ಸ್: "ಮೇಡಂ, ನಾವು ಕಫ ಕಳಿಸ್ತೀವಿ. ಬರೀ ಎಂಜಲು, ಮತ್ತೆ ಕಳಿಸಿ ಅಂತ ಲ್ಯಾಬ್‌ನೋರು ವಾಪಸ್ ಕಳಿಸ್ತಾರೆ. ರೋಗಿಗಳಿಗೆ ಹೇಗೆ ಹೇಳೋದು?")

ಇವತ್ತಿನ ಒಳ್ಳೆಯ ಪ್ರಶ್ನೆ ಇದು. ಬೆಳಿಗ್ಗೆ ಎದ್ದ ಕೂಡಲೇ, ತಿಂಡಿಗೆ ಮೊದಲು. ಬರಿ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಎರಡು ಮೂರು ಸಲ ಉಸಿರು ಪೂರ್ತಿ ಎಳೆದು ಬಿಟ್ಟು, ಆಮೇಲೆ ಹೊಟ್ಟೆಯಿಂದ ಕೆಮ್ಮಲಿ. ಗಂಟಲು ಕ್ಯಾಕರಿಸಿದ್ದು ಬೇಡ. ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ ಬಿಸಿಲಲ್ಲಿ ಇಡಬೇಡಿ, ಬೇಗ ಕಳಿಸಿ. ನಮ್ಮಪ್ಪ ಮೊದಲೆರಡು ಸಲ ಡಬ್ಬಿಗೆ ಎಂಜಲೇ ಉಗಿದಿದ್ದರು, ನನ್ನ ಮುಂದೆ ಕೆಮ್ಮಲು ಅವರಿಗೆ ನಾಚಿಕೆ. ಮೂರನೇ ದಿನ ಡಬ್ಬಿ ಕೈಗೆ ಕೊಟ್ಟು ನಾನು ಹೊರಗೆ ಹೋಗಿ ಜಗಲಿಯಲ್ಲಿ ಕೂತೆ. ಒಳಗಿನಿಂದ ಕೆಮ್ಮು ಕೇಳಿಸಿತು, ಆಮೇಲೆ "ತಗಳವ್ವ, ಬಂತು" ಅಂದರು.